ಕೊಟ್ಟಿಗೆ ಲೈನಿನಲ್ಲಿ ಶಾರ್ಟ್, ತಡವಾಗಿ ಬಿದ್ದ 32 ಆಂಪಿಯರ್ ಎಂಸಿಬಿ: ಒಂದು ಪ್ರಕರಣ ಅಧ್ಯಯನ

ಮಲೆನಾಡಿನ ಒಂದು ಅಡಿಕೆ ತೋಟದ ಮನೆ. ಮನೆಯಿಂದ 60 ಮೀಟರ್ ಆಚೆ ದನದ ಕೊಟ್ಟಿಗೆ. ಮಳೆಗಾಲದ ಸಂಜೆ ಗಾಳಿ ಜೋರಾಗಿ ಬೀಸುತ್ತಿದ್ದಾಗ ಕೊಟ್ಟಿಗೆಯ ದೀಪಗಳು ಆರಿದವು. ಅದೇ ಕ್ಷಣಕ್ಕೆ ಮನೆಯೊಳಗಿನ ಫ್ಯಾನ್‌ಗಳು ನಿಧಾನವಾದವು, ಫ್ರಿಜ್ ಗುಂಯ್‌ಗುಟ್ಟಿತು, ದೇವರ ಕೋಣೆಯ ಝೀರೋ ಬಲ್ಬ್ ಕೆಂಪಗೆ ಮಂಕಾಯಿತು. ಕಾಲು ನಿಮಿಷದಷ್ಟು ಹೊತ್ತು ಹೀಗೇ ಇದ್ದು, ಆಮೇಲೆ ಮೇನ್ ಎಂಸಿಬಿ (ಪ್ರವಾಹ ಮಿತಿಮೀರಿದರೆ ತಾನಾಗಿ ಕಡಿಯುವ ಸ್ವಿಚ್) ಬಿತ್ತು. ಮನೆಯವರು ಅದನ್ನು ಎತ್ತಿದರು. ಮತ್ತೆ ಮಂಕು ಬೆಳಕು, ಈ ಸಲ ಬೇಗನೆ ಬಿತ್ತು. ಮೂರನೇ ಸಲ ಎತ್ತಿದಾಗ ನಿಂತಿತು. ಕೊಟ್ಟಿಗೆಯ ದೀಪವೂ ಹತ್ತಿತು. ಸುಟ್ಟ ಪ್ಲಾಸ್ಟಿಕ್ ವಾಸನೆ ಮಾತ್ರ ಉಳಿಯಿತು.

ಇಂಥದ್ದನ್ನು "ಶಾರ್ಟ್ ಆಗಿತ್ತು, ಸರಿಹೋಯಿತು" ಎಂದು ಬಿಟ್ಟುಬಿಡುವುದೇ ಹೆಚ್ಚು. ಆದರೆ ಇಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ. ಶಾರ್ಟ್ ಆದರೆ ಎಂಸಿಬಿ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳಬೇಕು. ಇದು ಕಾಲು ನಿಮಿಷ ಏಕೆ ತೆಗೆದುಕೊಂಡಿತು? ಎಂಸಿಬಿಯಲ್ಲಿ ದೋಷವಿರಲಿಲ್ಲ. ಅದು ತನ್ನ ಮಾನಕಕ್ಕೆ ತಕ್ಕಂತೆಯೇ ನಡೆದುಕೊಂಡಿತು. ಉತ್ತರ ಸಿಗುವುದು ಮಂಡಲದ, ಅಂದರೆ ಸರ್ಕ್ಯೂಟಿನ, ಒಟ್ಟು ರೋಧದ ಲೆಕ್ಕದಲ್ಲಿ.

ಮೊದಲು ಒಂದು ಸೆಲ್, ಒಂದು ಬಲ್ಬ್

ಲೆಕ್ಕ ಹಾಕುವ ಕ್ರಮ ಅತಿ ಸರಳ ಮಂಡಲದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1.5 ವೋಲ್ಟಿನ ಸಾದಾ ಟಾರ್ಚ್ ಸೆಲ್, ಅದರ ಒಳರೋಧ ಅರ್ಧ ಓಮ್ ಎಂದಿಟ್ಟುಕೊಳ್ಳಿ. ಉರಿಯುವ ಬಲ್ಬಿನ ರೋಧ 7 ಓಮ್. ಒಟ್ಟು 7.5 ಓಮ್, ಪ್ರವಾಹ 0.2 ಆಂಪಿಯರ್. ಈಗ ಬಲ್ಬಿನ ಎರಡು ತುದಿಗಳಿಗೆ ಒಂದು ತುಂಡು ತಾಮ್ರದ ತಂತಿ ಮುಟ್ಟಿಸಿ. ಬಲ್ಬ್ ಆರುತ್ತದೆ, ಪ್ರವಾಹ ಸುಮಾರು 3 ಆಂಪಿಯರಿಗೆ ಏರುತ್ತದೆ. ಅಲ್ಲಿಗೇ ನಿಲ್ಲುತ್ತದೆ, ಏಕೆಂದರೆ ಸೆಲ್ಲಿನ ಒಳಗಿನ ಅರ್ಧ ಓಮ್ ಎಲ್ಲೂ ಹೋಗಿಲ್ಲ. ಅದೇ ತಂತಿಯ ತುಂಡನ್ನು ಇನ್ವರ್ಟರಿನ 12 ವೋಲ್ಟಿನ ಟ್ಯೂಬುಲರ್ ಬ್ಯಾಟರಿಗೆ ಮುಟ್ಟಿಸಿದರೆ ಒಳರೋಧ ಕೆಲವೇ ಮಿಲಿ ಓಮ್ ಇರುವುದರಿಂದ ತಂತಿಯೇ ಸಿಡಿದು ಕರಗುತ್ತದೆ. ದಪ್ಪ ಸ್ಪ್ಯಾನರ್ ಬಿದ್ದರಂತೂ ಪ್ರವಾಹ ಸಾವಿರ ಆಂಪಿಯರ್ ದಾಟುತ್ತದೆ.

ಎರಡು ಕಡೆಯೂ ಆದದ್ದು ಶಾರ್ಟ್ ಎಂಬ ಒಂದೇ ಸಂಗತಿ. ಪ್ರವಾಹ ಎಷ್ಟು ಎಂಬುದನ್ನು ನಿರ್ಧರಿಸಿದ್ದು ಶಾರ್ಟ್ ಆದ ಜಾಗವಲ್ಲ, ಮಂಡಲದಲ್ಲಿ ಇನ್ನೂ ಉಳಿದುಕೊಂಡ ರೋಧ. ಇಡೀ ಪ್ರಕರಣ ಈ ಒಂದು ಮಾತಿನ ಮೇಲೆ ನಿಂತಿದೆ.

ಬಲ್ಬ್ ಏಕೆ ಆರಿತು ಎಂಬುದನ್ನೂ ಇಲ್ಲೇ ನೋಡಿಬಿಡಬೇಕು. "ಕರೆಂಟ್ ಸುಲಭದ ದಾರಿ ಹಿಡಿಯುತ್ತದೆ, ಬಲ್ಬಿನ ಕಡೆ ಹೋಗುವುದೇ ಇಲ್ಲ" ಎಂದು ಹೇಳುವ ರೂಢಿಯಿದೆ. ಇದು ಅರ್ಧ ಸತ್ಯ. ಪ್ರವಾಹ ಎರಡೂ ದಾರಿಗಳಲ್ಲಿ ಹಂಚಿಹೋಗುತ್ತದೆ, ರೋಧಕ್ಕೆ ವಿಲೋಮವಾಗಿ. ಮುಟ್ಟಿಸಿದ ತಂತಿಯ ರೋಧ 0.02 ಓಮ್ ಆದರೆ ಅದರ ತುದಿಗಳ ನಡುವೆ ಉಳಿಯುವ ವೋಲ್ಟೇಜ್ 0.06 ವೋಲ್ಟಿನಷ್ಟು. ಬಲ್ಬಿಗೆ ಸಿಗುವುದೂ ಅಷ್ಟೇ. ಅಷ್ಟರಲ್ಲಿ ಫಿಲಮೆಂಟಿನ ಮೂಲಕ ಸ್ವಲ್ಪ ಪ್ರವಾಹ ಹರಿದೇ ಹರಿಯುತ್ತದೆ, ಬೆಳಗಲು ಸಾಲದು. ಶಾರ್ಟ್ ಆದಾಗ ಬಲ್ಬ್ ಕಳೆದುಕೊಳ್ಳುವುದು ವೋಲ್ಟೇಜನ್ನು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ದೇವರ ಕೋಣೆಯ ಬಲ್ಬ್ ಏಕೆ ಆರದೆ ಮಂಕಾಯಿತು ಎಂಬುದೂ ಬಿಡಿಸಿಕೊಳ್ಳುತ್ತದೆ.

ಟಿಸಿಯಿಂದ ಕೊಟ್ಟಿಗೆಯವರೆಗೆ

ಈ ಮನೆಗೆ ಕರೆಂಟ್ ಬರುವುದು 25 ಕೆವಿಎ ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ. ಟಿಸಿಯಿಂದ ಮನೆಯ ಹತ್ತಿರದ ಕಂಬದವರೆಗೆ 400 ಮೀಟರ್, ವೀಸಲ್ ಎಂಬ ಜಾತಿಯ ಅಲ್ಯೂಮಿನಿಯಂ ಕಂಡಕ್ಟರಿನ ಎಲ್‌ಟಿ (ಕಡಿಮೆ ವೋಲ್ಟೇಜಿನ) ಲೈನ್. ಕಂಬದಿಂದ ಮೀಟರಿಗೆ 30 ಮೀಟರ್, 4 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಸರ್ವಿಸ್ ವೈರ್. ಮೀಟರ್ ಆದ ಮೇಲೆ ಸಿ-32 ಎಂಸಿಬಿ, ಅದರ ನಂತರ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಕಡಿಯುವ ಸ್ವಿಚ್. ಕೊಟ್ಟಿಗೆಗೆ ಹೋದದ್ದು ಒಂದೂವರೆ ಎಂಎಂ (ಅಂದರೆ ಚದರ ಮಿಲಿಮೀಟರ್) ತಾಮ್ರದ ಜೋಡಿ ವೈರ್. ಅದನ್ನು ಆರ್‌ಸಿಸಿಬಿಯ ಹೊರಟರ್ಮಿನಲ್ಲಿನಿಂದ ನೇರ ತೆಗೆದು, ಅಡಿಕೆ ಮರಗಳಿಗೆ ಕಟ್ಟಿಕೊಂಡು ಕೊಟ್ಟಿಗೆಗೆ ಎಳೆದಿದ್ದರು. ನಡುವೆ ಒಂದು ಸ್ವಿಚ್ ಇತ್ತು, ಬೇರೆ ಎಂಸಿಬಿಯಾಗಲಿ ಫ್ಯೂಸಾಗಲಿ ಇರಲಿಲ್ಲ. ಕೊಟ್ಟಿಗೆಯ ಹೊರೆ ಮೂರು ಎಲ್‌ಇಡಿ ದೀಪ, ಒಂದು ಫ್ಯಾನ್, ಒಂದು ಪ್ಲಗ್. ಇಷ್ಟಕ್ಕೆ ಒಂದೂವರೆ ಎಂಎಂ ಧಾರಾಳ ಸಾಕು ಎಂದೇ ಎಲ್ಲರೂ ಹೇಳುತ್ತಾರೆ, ಹೊರೆಯ ಮಟ್ಟಿಗೆ ಅದು ಸರಿಯೂ ಹೌದು.

ರೋಧಗಳನ್ನು ಒಂದೊಂದಾಗಿ ಕೂಡೋಣ. ಫೇಸಿನಲ್ಲಿ ಹೋದದ್ದು ನ್ಯೂಟ್ರಲ್ಲಿನಲ್ಲಿ ವಾಪಸ್ ಬರಬೇಕು. ಹಾಗಾಗಿ ಪ್ರತಿ ಉದ್ದವನ್ನೂ ಎರಡರಿಂದ ಗುಣಿಸಬೇಕು. ಇದನ್ನು ಮರೆತರೆ ಉತ್ತರ ಹೆಚ್ಚುಕಡಿಮೆ ಇಮ್ಮಡಿ ತಪ್ಪುತ್ತದೆ.

ಟಿಸಿಯ ಇಂಪಿಡೆನ್ಸ್ (ರೋಧವೂ ರಿಯಾಕ್ಟೆನ್ಸೂ ಸೇರಿದ ತಡೆ) ಶೇಕಡಾ 4.5 ಎಂದು ಹಿಡಿದರೆ 433 ವೋಲ್ಟಿಗೆ 0.34 ಓಮ್ ಬರುತ್ತದೆ. ಅದರಲ್ಲಿ ಶುದ್ಧ ರೋಧ ಸುಮಾರು 0.2, ಉಳಿದದ್ದು ಸುರುಳಿಯ ರಿಯಾಕ್ಟೆನ್ಸ್, ಅಂದರೆ ಎಸಿ ಪ್ರವಾಹಕ್ಕೆ ಸುರುಳಿ ಒಡ್ಡುವ ತಡೆ. ವೀಸಲ್ ಕಿಲೋಮೀಟರಿಗೆ 0.93 ಓಮ್, ಹೋಗಿ ಬರುವ 800 ಮೀಟರಿಗೆ 0.74. ಸರ್ವಿಸ್ ವೈರ್ ಕಿಲೋಮೀಟರಿಗೆ 7.41 ಓಮ್, 60 ಮೀಟರಿಗೆ 0.44. ಅಲ್ಲಿಗೆ ಮೀಟರಿನ ತನಕದ ರೋಧ 1.38 ಓಮ್. ಲೈನಿನ ಮತ್ತು ಟಿಸಿಯ ರಿಯಾಕ್ಟೆನ್ಸ್ ಅರ್ಧ ಓಮಿನಷ್ಟಿದ್ದರೂ ಅದು ಲಂಬವಾಗಿ ಕೂಡುವುದರಿಂದ (ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಬೇಕು) ಒಟ್ಟು ಸುಮಾರು 1.5 ಓಮ್ ಆಗುತ್ತದೆ. 30 ಮೀಟರಿನ ಸರ್ವಿಸ್ ವೈರ್ ಒಂದೇ 400 ಮೀಟರ್ ಲೈನಿನ ಅರ್ಧಕ್ಕಿಂತ ಹೆಚ್ಚು ರೋಧ ಸೇರಿಸಿತು ಎಂಬುದನ್ನು ಗಮನಿಸಿ.

ಮೀಟರಿನಿಂದಾಚೆ ಒಂದೂವರೆ ಎಂಎಂ ತಾಮ್ರ, ಕಿಲೋಮೀಟರಿಗೆ 12.1 ಓಮ್. ಶಾರ್ಟ್ ಆದದ್ದು ಮನೆಯಿಂದ 58 ಮೀಟರ್ ದೂರದಲ್ಲಿ. 116 ಮೀಟರ್ ತಂತಿಗೆ 1.4 ಓಮ್.

ರೋಧಗಳನ್ನೆಲ್ಲ ಮೊದಲು ಕೂಡಿ, ಆಮೇಲೆ ರಿಯಾಕ್ಟೆನ್ಸನ್ನು ಲಂಬವಾಗಿ ಕೂಡಿದರೆ ಎಲ್ಲ ಸೇರಿ 2.83 ಓಮ್. 230 ವೋಲ್ಟನ್ನು ಅದರಿಂದ ಭಾಗಿಸಿದರೆ 81 ಆಂಪಿಯರ್.

ಶಾರ್ಟ್ ಎಂದರೆ ಸಾವಿರಾರು ಆಂಪಿಯರ್ ಎಂದು ತಿಳಿದವರಿಗೆ ಈ ಸಂಖ್ಯೆ ಅಚ್ಚರಿ ತರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ 500 ಕೆವಿಎ ಟ್ರಾನ್ಸ್‌ಫಾರ್ಮರಿಗೂ ಇದೇ ಶೇಕಡಾ 4.5 ಹಿಡಿದರೆ, ಟರ್ಮಿನಲ್ಲಿನಲ್ಲೇ ಶಾರ್ಟ್ ಆದಾಗ ಹರಿಯುವುದು 14,000 ಆಂಪಿಯರಿಗೂ ಹೆಚ್ಚು. ಎಂಸಿಬಿಯ ಮುಖದ ಮೇಲೆ ಚೌಕದೊಳಗೆ 10000 ಎಂದು ಬರೆದಿರುವುದು ಅಂಥ ಕಡೆಗೆ ಮುಖ್ಯ, ಅಷ್ಟು ಪ್ರವಾಹವನ್ನು ಅದು ಒಡೆಯದೆ ಕಡಿಯಬಲ್ಲದು ಎಂಬ ಭರವಸೆ ಅದು. ಲೈನಿನ ಕೊನೆಯಲ್ಲಿರುವ ತೋಟದ ಮನೆಯ ತೊಂದರೆ ಇದರ ತಿರುವುಮುರುವು: ಪ್ರವಾಹ ಸಾಲದೆ ಹೋಗುವುದು.

ಮನೆಯ ದೀಪ ಮಂಕಾದದ್ದು

ಶಾರ್ಟ್ ಆದ ಜಾಗದಲ್ಲಿ ವೋಲ್ಟೇಜ್ ಸೊನ್ನೆಯ ಹತ್ತಿರ. ಟಿಸಿಯಲ್ಲಿ 230. ನಡುವಿನ ತಂತಿಯುದ್ದಕ್ಕೂ ವೋಲ್ಟೇಜ್ ರೋಧಕ್ಕೆ ತಕ್ಕಂತೆ ಇಳಿಯುತ್ತ ಬರುತ್ತದೆ. ಮನೆಯ ಡಿಬಿ (ಎಂಸಿಬಿಗಳಿರುವ ಪೆಟ್ಟಿಗೆ) ಇರುವುದು ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿ: ಅದರ ಹಿಂದೆ 1.5 ಓಮ್, ಮುಂದೆ 1.4 ಓಮ್. 81 ಆಂಪಿಯರ್ ಹರಿಯುವಾಗ ಡಿಬಿಯಲ್ಲಿ ಉಳಿಯುವುದು 113 ವೋಲ್ಟ್. ಕೊಟ್ಟಿಗೆಯ ದೀಪ ಆರುವುದೂ ಮನೆಯ ಬಲ್ಬ್ ಕೆಂಪಗಾಗುವುದೂ ಇದೇ ಕಾರಣಕ್ಕೆ. ಅದೇ ಕಂಬದ ಅದೇ ಫೇಸಿನ ಪಕ್ಕದ ಮನೆಯಲ್ಲೂ ವೋಲ್ಟೇಜ್ 150ರ ಆಸುಪಾಸಿಗೆ ಕುಸಿದಿರುತ್ತದೆ.

ಇದು ಒಳ್ಳೆಯ ಸೂಚನೆ. ಒಂದು ಕಡೆ ದೀಪ ಆರಿ, ಮನೆಯ ಉಳಿದ ಕಡೆ ಮಂಕಾಗಿ, ಎಂಸಿಬಿ ಇನ್ನೂ ಬೀಳದೆ ನಿಂತಿದ್ದರೆ ಎಲ್ಲೋ ಶಾರ್ಟ್ ಆಗಿ ತಂತಿ ಬಿಸಿಯಾಗುತ್ತಿದೆ ಎಂದು ಅರ್ಥ. ಆಗ ಮಾಡಬೇಕಾದದ್ದು ಕೈಯಾರೆ ಮೇನ್ ಆಫ್ ಮಾಡುವುದು. ಎಲ್‌ಇಡಿ ದೀಪಗಳನ್ನು ಮಾತ್ರ ನೆಚ್ಚಿಕೊಂಡರೆ ಈ ಸೂಚನೆ ತಪ್ಪಿಹೋಗಬಹುದು, ಅವುಗಳಲ್ಲಿ ಹಲವು 110 ವೋಲ್ಟಿನಲ್ಲೂ ಪೂರ್ತಿ ಬೆಳಗುತ್ತವೆ. ಫ್ಯಾನ್ ಮತ್ತು ಫ್ರಿಜ್ ಸುಳ್ಳು ಹೇಳುವುದಿಲ್ಲ.

ಎಂಸಿಬಿಯ ಒಳಗಿನ ಎರಡು ಕಾವಲು

ಎಂಸಿಬಿಯಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ. ಒಂದು, ಸೊಲೆನಾಯ್ಡ್ ಸುರುಳಿ. ಪ್ರವಾಹ ಒಂದು ಮಿತಿ ದಾಟಿದರೆ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ, ಸಾಮಾನ್ಯವಾಗಿ ಅದಕ್ಕಿಂತ ಬಹಳ ಬೇಗ, ಬೀಗವನ್ನು ಹೊಡೆದು ಬಿಡಿಸುತ್ತದೆ. ಇನ್ನೊಂದು, ಎರಡು ಲೋಹಗಳ ಪಟ್ಟಿ. ಬಿಸಿಯಾಗಿ ಬಾಗುತ್ತ ಬಾಗುತ್ತ ಬೀಗವನ್ನು ತಳ್ಳುತ್ತದೆ. ಇದು ನಿಧಾನದ್ದು, ಓವರ್‌ಲೋಡಿಗೆಂದು ಇಟ್ಟದ್ದು.

ಶಾರ್ಟ್‌ಗೆ ಕಾವಲು ಸೊಲೆನಾಯ್ಡ್. ಅದರ ಮಿತಿಯನ್ನು ಹೇಳುವುದು ಆಂಪಿಯರ್ ಸಂಖ್ಯೆಯ ಮುಂದಿನ ಅಕ್ಷರ. ಬಿ ಎಂದಿದ್ದರೆ ಸಂಖ್ಯೆಯ 3ರಿಂದ 5 ಪಟ್ಟಿನ ನಡುವೆ, ಸಿ ಎಂದಿದ್ದರೆ 5ರಿಂದ 10 ಪಟ್ಟಿನ ನಡುವೆ, ಡಿ ಎಂದಿದ್ದರೆ 10ರಿಂದ 20 ಪಟ್ಟಿನ ನಡುವೆ ಎಲ್ಲೋ ಒಂದು ಕಡೆ ಅದು ಕೆಲಸ ಮಾಡುತ್ತದೆ. ಕೆಳಗಿನ ಮಿತಿಯವರೆಗೆ ತಕ್ಷಣ ಬೀಳಬಾರದು. ಎರಡು ಮಿತಿಗಳ ನಡುವೆ ಬೀಳಬಹುದು, ಬೀಳದಿರಬಹುದು. ಮೇಲಿನ ಮಿತಿಯಲ್ಲಿ ಬೀಳಲೇಬೇಕು. ಲೆಕ್ಕಕ್ಕೆ ಹಿಡಿಯಬೇಕಾದದ್ದು ಮೇಲಿನ ಮಿತಿ.

ಸಿ-32ಕ್ಕೆ ಈ ಮಿತಿಗಳು 160 ಮತ್ತು 320 ಆಂಪಿಯರ್. ನಮ್ಮ ಶಾರ್ಟ್ 81. ಸೊಲೆನಾಯ್ಡಿಗೆ ಏನೂ ಗೊತ್ತೇ ಆಗಲಿಲ್ಲ. ಇನ್ನೂ ಹೇಳಬೇಕೆಂದರೆ, ಈ ಮನೆಯ ಡಿಬಿಯಲ್ಲೇ, ಎಂಸಿಬಿಯ ಬುಡದಲ್ಲೇ ಫೇಸ್-ನ್ಯೂಟ್ರಲ್ ಮುಟ್ಟಿದ್ದರೂ ಹರಿಯುತ್ತಿದ್ದದ್ದು 155 ಆಂಪಿಯರ್. 160ನ್ನು ಮುಟ್ಟುವುದಿಲ್ಲ. ಅಂದರೆ ಈ ಮನೆಯಲ್ಲಿ ಎಲ್ಲಿ ಶಾರ್ಟ್ ಆದರೂ ಮೇನ್ ಎಂಸಿಬಿ ತಕ್ಷಣ ಬೀಳುವುದಿಲ್ಲ. ಮೇನ್ ಇದೆ, ಅದು ನೋಡಿಕೊಳ್ಳುತ್ತದೆ ಎಂದು ನಂಬಿಕೊಂಡು ಕೊಟ್ಟಿಗೆ, ಪಂಪ್ ಶೆಡ್, ಅಂಗಳದ ದೀಪಗಳಿಗೆ ಲೈನ್ ಎಳೆದಿರುವ ಎಲ್ಲ ತೋಟದ ಮನೆಗಳವರೂ ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಉಳಿದದ್ದು ಲೋಹದ ಪಟ್ಟಿ. 32 ಆಂಪಿಯರ್ ಮತ್ತು ಅದಕ್ಕಿಂತ ಚಿಕ್ಕ ಎಂಸಿಬಿಗಳು ತಮ್ಮ ಸಂಖ್ಯೆಯ 2.55 ಪಟ್ಟಿನಲ್ಲಿ 1 ಸೆಕೆಂಡಿನಿಂದ 60 ಸೆಕೆಂಡಿನೊಳಗೆ ಬೀಳಬೇಕು ಎಂಬುದು ಮಾನಕ. 32ರ 2.55 ಪಟ್ಟು 81.6 ಆಂಪಿಯರ್, ಹೆಚ್ಚುಕಡಿಮೆ ನಮ್ಮದೇ ಸಂಖ್ಯೆ. ಕಾಲು ನಿಮಿಷದಲ್ಲಿ ಬಿದ್ದದ್ದು ಪೂರ್ತಿ ನಿಯಮದೊಳಗೇ ಇದೆ.

ಅಷ್ಟರೊಳಗೆ ವೈರಿಗೆ ಆದದ್ದು

ಸಾಮಾನ್ಯ ದಿನಗಳಲ್ಲಿ ಆ ಲೈನಿನಲ್ಲಿ ಅರ್ಧ ಆಂಪಿಯರೂ ಹರಿಯುತ್ತಿರಲಿಲ್ಲ. ಪ್ಲಗ್ಗಿಗೆ ನೀರು ಕಾಯಿಸುವ ಹೀಟರ್ ಹಾಕಿದಾಗಲೂ 5 ಆಂಪಿಯರ್ ಎಂದುಕೊಂಡರೆ ವೈರಿನಲ್ಲಿ ಹುಟ್ಟುವ ಶಾಖ 35 ವಾಟ್, 58 ಮೀಟರಿನುದ್ದಕ್ಕೂ ಹರಡಿ. ಶಾಖ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುತ್ತದೆ. 81 ಆಂಪಿಯರಿನಲ್ಲಿ ಅದೇ ವೈರಿನಲ್ಲಿ ಹುಟ್ಟುವುದು 9,000 ವಾಟಿಗೂ ಹೆಚ್ಚು. ಮೀಟರ್ ಉದ್ದದ ಜೋಡಿ ವೈರಿಗೆ 150 ವಾಟಿಗಿಂತ ಜಾಸ್ತಿ.

ಪಿವಿಸಿ ಹೊದಿಕೆಯ ತಾಮ್ರಕ್ಕೆ ಒಂದು ಸರಳ ಸೂತ್ರವಿದೆ: 115ರ ವರ್ಗವನ್ನು ಅಡ್ಡಕೊಯ್ತದ ವರ್ಗದಿಂದ ಗುಣಿಸಿ, ಪ್ರವಾಹದ ವರ್ಗದಿಂದ ಭಾಗಿಸಿ. ಬರುವ ಸೆಕೆಂಡುಗಳಲ್ಲಿ ತಂತಿ 70 ಡಿಗ್ರಿಯಿಂದ 160 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. 160 ಎಂಬುದು ಅಲ್ಪಕಾಲಕ್ಕೆ ಪಿವಿಸಿ ತಡೆಯಬಲ್ಲ ಕೊನೆಯ ಮಟ್ಟ. ಒಂದೂವರೆ ಎಂಎಂ ವೈರಿಗೆ, 81 ಆಂಪಿಯರಿಗೆ, ಉತ್ತರ 4.5 ಸೆಕೆಂಡ್. ಕೊಟ್ಟಿಗೆಯ ವೈರ್ ಹೊರೆಯಿಲ್ಲದೆ ತಣ್ಣಗಿತ್ತು, 30 ಡಿಗ್ರಿಯಿಂದ ಹೊರಟಿತ್ತು. ಹಾಗಾಗಿ ಇನ್ನೂ ಕೆಲವು ಸೆಕೆಂಡ್ ಹೆಚ್ಚಿಗೆ ಸಿಕ್ಕಿತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಾಮ್ರ ಬಿಸಿಯಾದಂತೆ ಅದರ ರೋಧ ಏರುತ್ತದೆ. 160 ಡಿಗ್ರಿಯಲ್ಲಿ ಆ 1.4 ಓಮ್ 2.17 ಆಗಿರುತ್ತದೆ. ಒಟ್ಟು ರೋಧ ಹೆಚ್ಚಿ ಪ್ರವಾಹ 64 ಆಂಪಿಯರಿಗೆ ಇಳಿಯುತ್ತದೆ. 64 ಎಂದರೆ 32ರ ಎರಡೇ ಪಟ್ಟು, ಲೋಹದ ಪಟ್ಟಿ ಬಾಗುವುದು ಇನ್ನೂ ನಿಧಾನ. ವೈರ್ ಹೆಚ್ಚು ಕಾಯುತ್ತ ಹೋದಂತೆ ಅದನ್ನು ಕಾಯಬೇಕಾದ ಎಂಸಿಬಿ ಹಿಂದೆ ಬೀಳುತ್ತ ಹೋಗುತ್ತದೆ. ಶಾರ್ಟ್ ಆದ ಜಾಗದಲ್ಲಿ ತಾಮ್ರಕ್ಕೆ ತಾಮ್ರ ಗಟ್ಟಿಯಾಗಿ ಮುಟ್ಟದೆ ಕಿಡಿ ಹಾರುತ್ತಿದ್ದರೆ ಆ ಕಿಡಿಯೂ ಒಂದಿಷ್ಟು ವೋಲ್ಟ್ ನುಂಗಿ ಪ್ರವಾಹವನ್ನು ಮತ್ತಷ್ಟು ತಗ್ಗಿಸುತ್ತದೆ.

ಎಂಸಿಬಿ ಬೀಳುವ ಹೊತ್ತಿಗೆ ಆ ವೈರ್ 160 ದಾಟಿ ಹೋಗಿತ್ತು. ಎರಡನೇ ಸಲ ಎತ್ತಿದಾಗ ಪಟ್ಟಿ ಇನ್ನೂ ಬಿಸಿಯಿದ್ದದ್ದರಿಂದ ಬೇಗ ಬಿತ್ತು. ಆದರೆ ವೈರೂ ಬಿಸಿಯಿಂದಲೇ ಹೊರಟಿತ್ತು. ಬಿದ್ದ ಎಂಸಿಬಿಯನ್ನು ಕಾರಣ ತಿಳಿಯದೆ ಎತ್ತುವುದರ ಕೇಡು ಇದು. ಕೊಟ್ಟಿಗೆಯ ಅಟ್ಟದಲ್ಲಿ ಒಣಹುಲ್ಲು ತುಂಬಿದ್ದರೆ ಏನಾಗುತ್ತಿತ್ತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೇ ಸಲ ನಿಂತದ್ದೇಕೆ? ಮುಟ್ಟಿಕೊಂಡಿದ್ದ ಜಾಗದ ತಾಮ್ರ ಕರಗಿ ಹಾರಿಹೋಗಿ ನಡುವೆ ಕೂದಲೆಳೆಯಷ್ಟು ತೆರಪಾಗಿತ್ತು. ಸುತ್ತ ಕರಿ ಹಿಡಿದ ಪಿವಿಸಿ. ಇನ್ನೊಂದು ಗಾಳಿಗೋ ತೇವಕ್ಕೋ ಮತ್ತೆ ಶುರುವಾಗಲು ಕಾದಿದ್ದ ಸ್ಥಿತಿ ಅದು.

ಹಳೆಯ ಕಿಟ್‌ಕ್ಯಾಟ್ ಫ್ಯೂಸ್ ಇದ್ದಿದ್ದರೆ? 0.2 ಮಿಲಿಮೀಟರಿನ 5 ಆಂಪಿಯರ್ ಫ್ಯೂಸ್ ತಂತಿ ಕಟ್ಟಿದ್ದರೆ 81 ಆಂಪಿಯರಿಗೆ ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ ಸುಟ್ಟುಹೋಗುತ್ತಿತ್ತು. ವೈರಿಗೆ ಬಿಸಿ ತಟ್ಟುತ್ತಲೇ ಇರಲಿಲ್ಲ. ಆದರೆ ಫ್ಯೂಸ್ ಪದೇ ಪದೇ ಹೋಗುತ್ತದೆಂದು ವೈರಿನ 0.3 ಮಿಲಿಮೀಟರಿನ ಎಳೆಗಳನ್ನು ನಾಲ್ಕು ಸೇರಿಸಿ ಹೊಸೆದು ಕಟ್ಟುವ ಅಭ್ಯಾಸವಿದೆಯಲ್ಲ, ಅದು ಕರಗಲು 50 ಆಂಪಿಯರ್ ಬೇಕು. ಅಲ್ಲಿಗೆ ಫ್ಯೂಸಿನ ಗುಣವೆಲ್ಲ ಹೋಯಿತು.

ದೋಷದ ಜಾಗ ಹುಡುಕಿದ ಬಗೆ

ಮೇನ್ ಆಫ್ ಮಾಡಿ, ಕೊಟ್ಟಿಗೆ ಲೈನಿನ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಡಿಬಿಯಿಂದ ಬಿಚ್ಚಬೇಕು. ಫೇಸ್ ಮಾತ್ರ ಬಿಚ್ಚಿದರೆ ಅಳತೆ ಮನೆಯ ಉಳಿದ ವೈರಿಂಗಿನೊಂದಿಗೆ ಕಲಸಿಹೋಗುತ್ತದೆ. ಕೊಟ್ಟಿಗೆಯಲ್ಲಿ ಬಲ್ಬ್‌ಗಳನ್ನು ಕಳಚಿ, ಪ್ಲಗ್ ಖಾಲಿ ಮಾಡಿ, ಫ್ಯಾನ್ ಬಿಚ್ಚಬೇಕು. ಮುಟ್ಟುವ ಮುಂಚೆ ಟೆಸ್ಟರನ್ನು ನೆಚ್ಚದೆ ಮಲ್ಟಿಮೀಟರಿನಲ್ಲಿ ಕರೆಂಟ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಇನ್ವರ್ಟರಿನ ಲೈನ್ ಎಲ್ಲಾದರೂ ಸೇರಿಕೊಂಡಿದ್ದರೆ ಮೇನ್ ಆಫ್ ಆದರೂ ಕರೆಂಟ್ ಇರುತ್ತದೆ.

ಶಾರ್ಟ್ ಇನ್ನೂ ಹಿಡಿದುಕೊಂಡಿರುವಾಗ ಮಲ್ಟಿಮೀಟರೇ ಜಾಗ ತೋರಿಸುತ್ತದೆ. ಇಲ್ಲಿ ಮೊದಲ ಅಳತೆಗೆ ಎರಡು ತಂತಿಗಳ ನಡುವೆ ಅನಂತ ಎಂದು ಬಂತು, ತೆರಪಾಗಿತ್ತಲ್ಲ. ಮರಗಳ ಬಳಿ ವೈರನ್ನು ಅಲುಗಿಸುತ್ತ ಹೋಗಿ, ಕೊಟ್ಟಿಗೆಯ ಮಾಡಿನ ಹತ್ತಿರ ಅಲುಗಿಸಿದಾಗ ಮೀಟರ್ 1.6 ಓಮ್ ತೋರಿಸಿ ನಿಂತಿತು. ಮೀಟರಿನ ಎರಡು ಮೊನೆಗಳನ್ನು ಒಂದಕ್ಕೊಂದು ಮುಟ್ಟಿಸಿದರೆ 0.2 ಬರುತ್ತಿತ್ತು. ಅದನ್ನು ಕಳೆದರೆ 1.4. ಹೋಗಿ ಬರುವ ಮೀಟರಿಗೆ 0.0242 ಓಮ್‌ನಂತೆ ಭಾಗಿಸಿದರೆ 58 ಮೀಟರ್. ಸಾದಾ ಮೀಟರಿನ ಕೊನೆಯ ಅಂಕೆ 0.1 ಓಮ್, ಅಂದರೆ 4 ಮೀಟರಿನ ಹೆಚ್ಚುಕಡಿಮೆ. ಹಾಗಾಗಿ ಕೊಟ್ಟಿಗೆಯ ತುದಿಯಿಂದಲೂ ಒಮ್ಮೆ ಅಳೆಯುವುದು ಒಳ್ಳೆಯದು. ಎರಡೂ ಅಳತೆಗಳನ್ನು ಕೂಡಿದಾಗ ಇಡೀ ಲೈನಿನ 1.45 ಓಮಿಗಿಂತ ಬಹಳ ಹೆಚ್ಚು ಬಂದರೆ, ಮುಟ್ಟಿಕೊಂಡ ಜಾಗದಲ್ಲೇ ರೋಧವಿದೆ, ದೂರದ ಲೆಕ್ಕ ನಂಬುವಂತಿಲ್ಲ ಎಂದರ್ಥ.

ಸಿಕ್ಕಿದ ಜಾಗ ಕೊಟ್ಟಿಗೆಯ ಮಾಡಿನ ತಗಡಿನ ಅಂಚು. ವೈರ್ ಪೈಪಿಲ್ಲದೆ ಅಂಚಿನ ಮೇಲೆ ಹಾಯ್ದು ಒಳಗೆ ಇಳಿದಿತ್ತು. ಗಾಳಿಗೆ ತಗಡು ಅದುರಿ ಅದುರಿ, ಬಿಸಿಲಿಗೆ ಪೆಡಸಾದ ಪಿವಿಸಿಯನ್ನು ಎರಡೂ ತಂತಿಗಳ ಮೇಲೆ ಗರಗಸದ ಹಾಗೆ ಕೊರೆದಿತ್ತು. ತಗಡಿನ ಅಂಚಿನಲ್ಲಿ ಎರಡು ಕರಿ ಚುಕ್ಕೆಗಳು, ಪ್ರತಿಯೊಂದರಲ್ಲೂ ರಾಗಿ ಕಾಳಿನಷ್ಟು ತಾಮ್ರದ ಗುಂಡು. ಫೇಸಿಗೂ ನ್ಯೂಟ್ರಲ್ಲಿಗೂ ಸೇತುವೆಯಾದದ್ದು ತಗಡೇ.

ಇದು ಇನ್ನೊಂದು ಗಂಭೀರ ವಿಷಯವನ್ನು ಬಯಲಿಗೆ ತರುತ್ತದೆ. ನ್ಯೂಟ್ರಲ್ಲಿನ ಪಿವಿಸಿ ಇನ್ನೂ ಗಟ್ಟಿಯಿದ್ದು ಫೇಸಿನದು ಮಾತ್ರ ಕೊರೆದಿದ್ದರೆ ಶಾರ್ಟ್ ಆಗುತ್ತಲೇ ಇರಲಿಲ್ಲ. ಇಡೀ ಮಾಡು 230 ವೋಲ್ಟಿನಲ್ಲಿ ನಿಂತಿರುತ್ತಿತ್ತು. ಮರದ ಕಂಬಗಳ ಮೇಲೆ ಕೂತ ತಗಡಿಗೆ ಅರ್ಥಿಂಗ್ ಇರಲಿಲ್ಲ. ಆರ್‌ಸಿಸಿಬಿ ಇದ್ದರೂ ಅದು ಎಚ್ಚೆತ್ತುಕೊಳ್ಳುವುದು ಫೇಸಿನಲ್ಲಿ ಹೋದದ್ದಕ್ಕೂ ನ್ಯೂಟ್ರಲ್ಲಿನಲ್ಲಿ ಬಂದದ್ದಕ್ಕೂ ವ್ಯತ್ಯಾಸವಾದಾಗ, ಅಂದರೆ ಯಾರಾದರೂ ಮಾಡನ್ನು ಮುಟ್ಟಿದಾಗ. ಶಾರ್ಟ್ ಆದ ಸಂಜೆ ಅದು ಸುಮ್ಮನಿದ್ದದ್ದೂ ಇದೇ ಕಾರಣಕ್ಕೆ: ಹೋದ 81 ಆಂಪಿಯರೂ ನ್ಯೂಟ್ರಲ್ಲಿನಲ್ಲೇ ವಾಪಸ್ ಬರುತ್ತಿತ್ತು. ಫೇಸ್-ನ್ಯೂಟ್ರಲ್ ಶಾರ್ಟ್‌ಗೆ ಆರ್‌ಸಿಸಿಬಿ ಕುರುಡು. ಹಾಗೆಂದು ಅದು ಬೇಡವೆಂದಲ್ಲ. ಅರ್ಥ್ ಗುಂಡಿಯ ರೋಧ 20 ಓಮ್ ಇರುವ ಕಡೆ ಫೇಸ್ ನೆಲಕ್ಕೆ ಸೋರಿದರೆ ಹರಿಯುವುದು 10 ಆಂಪಿಯರ್ ಅಷ್ಟೇ. 32 ಆಂಪಿಯರ್ ಎಂಸಿಬಿ ಅದಕ್ಕೆ ಎಂದೂ ಬೀಳುವುದಿಲ್ಲ, ಬೀಳುವುದು ಆರ್‌ಸಿಸಿಬಿ ಮಾತ್ರ.

ಸರಿಪಡಿಸಿದ್ದು

ತಗಡಿನ ಬಳಿಯ ಒಂದಡಿ ವೈರ್ ಕತ್ತರಿಸಿ ಟೇಪ್ ಸುತ್ತಿದರೆ ಸಾಲದು. 81 ಆಂಪಿಯರ್ ಹರಿದದ್ದು ಇಡೀ 58 ಮೀಟರಿನಲ್ಲಿ, ಕಾದದ್ದೂ ಇಡೀ 58 ಮೀಟರ್. ಮರಕ್ಕೆ ಬಿಗಿದು ಕಟ್ಟಿದ ಕಡೆಗಳಲ್ಲಿ ಪಿವಿಸಿ ಮೆತ್ತಗಾಗಿ ತಂತಿ ಒಂದು ಪಕ್ಕಕ್ಕೆ ಒತ್ತಿಕೊಂಡಿತ್ತು. 500 ವೋಲ್ಟಿನ ಮೆಗ್ಗರ್ (ನಿರೋಧನ ಅಳೆಯುವ ಮೀಟರ್) ಹಾಕಿದಾಗ ತಂತಿಗಳ ನಡುವಿನ ನಿರೋಧನ 1 ಮೆಗಾ ಓಮಿಗಿಂತ ಕಡಿಮೆ ತೋರಿಸಿತು. ಅಷ್ಟಕ್ಕಿಂತ ಕೆಳಗೆ ಇರಬಾರದು. ವೈರ್ ಪೂರ್ತಿ ತೆಗೆದುಹಾಕಲಾಯಿತು.

ಹೊಸ ಲೈನಿಗೆ 4 ಚದರ ಮಿಲಿಮೀಟರಿನ, ಮೂರು ಎಳೆಯ ತಾಮ್ರದ ಆರ್ಮರ್ಡ್ ಕೇಬಲ್. ಮೂರನೇ ಎಳೆ ಅರ್ಥಿಂಗಿಗೆ. ಮುಕ್ಕಾಲು ಮೀಟರ್ ಆಳದ ಕಾಲುವೆ, ಕೆಳಗೆ ಮೇಲೆ ಮರಳು, ಅದರ ಮೇಲೆ ಇಟ್ಟಿಗೆ ಸಾಲು, ಆಮೇಲೆ ಮಣ್ಣು. ತೋಟದ ಬಸಿಗಾಲುವೆ ದಾಟುವ ಕಡೆ ಜಿಐ ಪೈಪಿನೊಳಗೆ, ಇಲ್ಲದಿದ್ದರೆ ಕಾಲುವೆ ಕೆತ್ತುವಾಗ ಹಾರೆ ಗುದ್ದಲಿಗೆ ಸಿಗುತ್ತದೆ. ಕೊಟ್ಟಿಗೆಯೊಳಗೆ ಕೇಬಲ್ ನೆಲದಿಂದ ಗೋಡೆಗೆ ಪೈಪಿನಲ್ಲೇ ಏರುತ್ತದೆ, ತಗಡನ್ನು ಎಲ್ಲೂ ಮುಟ್ಟುವುದಿಲ್ಲ. ತಗಡಿನ ಮಾಡು ಮತ್ತು ಕೇಬಲ್ಲಿನ ಆರ್ಮರ್ ಎರಡನ್ನೂ ಅರ್ಥಿಂಗಿಗೆ ಸೇರಿಸಲಾಯಿತು.

4 ಎಂಎಂ ತಾಮ್ರ ಕಿಲೋಮೀಟರಿಗೆ 4.61 ಓಮ್. 60 ಮೀಟರ್ ಹೋಗಿ ಬರಲು 0.55. ಒಟ್ಟು ಈಗ 2 ಓಮ್, ಕೊಟ್ಟಿಗೆಯಲ್ಲಿ ಶಾರ್ಟ್ ಆದರೆ 115 ಆಂಪಿಯರ್. ಆದರೆ ಸಂಜೆ ಹೊತ್ತು ವೋಲ್ಟೇಜ್ 200ಕ್ಕೆ ಇಳಿದು, ಕೇಬಲ್ ಬಿಸಿಯಿದ್ದರೆ 95. ಎಂಸಿಬಿ ಆರಿಸುವಾಗ ಹಿಡಿಯಬೇಕಾದದ್ದು ಈ ಕಡಿಮೆ ಸಂಖ್ಯೆಯನ್ನು.

ಡಿಬಿಯಲ್ಲಿ, ಲೈನ್ ಹೊರಡುವ ಕಡೆಯೇ, ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಬಿ-16 ಹಾಕಲಾಯಿತು. ಅದು ಬೀಳಲೇಬೇಕಾದ ಮಿತಿ 80 ಆಂಪಿಯರ್, 95ರೊಳಗೆ ಬರುತ್ತದೆ. ಸಿ-16 ಆಗಿದ್ದರೆ ಆ ಮಿತಿ 160, ಮತ್ತೆ ಹಳೆಯ ಕಥೆಯೇ. ಎರಡರ ಮೇಲೂ 16 ಎಂದೇ ಬರೆದಿರುತ್ತದೆ, ಬೆಲೆಯಲ್ಲೂ ದೊಡ್ಡ ವ್ಯತ್ಯಾಸವಿಲ್ಲ. ಊರ ಅಂಗಡಿಗಳಲ್ಲಿ ಸುಮ್ಮನೆ ಎಂಸಿಬಿ ಎಂದು ಕೇಳಿದರೆ ಸಾಮಾನ್ಯವಾಗಿ ಸಿ ಕೊಡುತ್ತಾರೆ. ಬಿ ಬೇಕೆಂದು ಹೇಳಿ ತರಿಸಿಕೊಳ್ಳಬೇಕು. ಹಳೆಯ ಒಂದೂವರೆ ಎಂಎಂ ವೈರನ್ನೇ ಉಳಿಸಿಕೊಳ್ಳುವಂತಿದ್ದಿದ್ದರೆ, ದೀಪ-ಫ್ಯಾನ್‌ಗಳಿಗೆ ಬಿ-6 ಸಾಕಿತ್ತು. 30 ಆಂಪಿಯರಿಗೆ ತಕ್ಷಣ ಬೀಳುತ್ತದೆ. ವೈರಿಗೆ ಹಾಕಿದ ಖರ್ಚಿನ ಮುಂದೆ ಇದು ಏನೇನೂ ಅಲ್ಲ, ಮೊದಲೇ ಹಾಕಿದ್ದರೆ ವೈರೂ ಉಳಿಯುತ್ತಿತ್ತು.

ಲೆಕ್ಕವನ್ನು ಅಳೆದು ನೋಡುವುದು

ಲೈನಿನ ಉದ್ದ, ಕಂಡಕ್ಟರಿನ ಜಾತಿ ಗೊತ್ತಿಲ್ಲದ ಕಡೆ ಒಟ್ಟು ರೋಧವನ್ನು ಅಳೆದೇ ತಿಳಿಯಬಹುದು. ಲೂಪ್ ಟೆಸ್ಟರ್ ಇದ್ದರೆ ನೇರ ತೋರಿಸುತ್ತದೆ. ಇಲ್ಲದಿದ್ದರೆ ಮಲ್ಟಿಮೀಟರ್, ಕ್ಲ್ಯಾಂಪ್ ಮೀಟರ್ ಮತ್ತು 1000 ವಾಟಿನ ಇಸ್ತ್ರಿಪೆಟ್ಟಿಗೆ ಸಾಕು. ಕೊಟ್ಟಿಗೆಯ ಪ್ಲಗ್ಗಿನಲ್ಲಿ ಹೊರೆಯಿಲ್ಲದೆ ವೋಲ್ಟೇಜ್ ಓದಿ, ಇಸ್ತ್ರಿಪೆಟ್ಟಿಗೆ ಹಾಕಿ ಮತ್ತೆ ಓದಿ, ಇಳಿದ ವೋಲ್ಟನ್ನು ಹರಿದ ಆಂಪಿಯರಿನಿಂದ ಭಾಗಿಸಿ. ಹಳೆಯ ಲೈನಿನಲ್ಲಿ 4.1 ಆಂಪಿಯರಿಗೆ 230ರಿಂದ 218ಕ್ಕೆ, 12 ವೋಲ್ಟ್ ಇಳಿಯಬೇಕು, ಅಂದರೆ 2.9 ಓಮ್. ಹೊಸ ಲೈನಿನಲ್ಲಿ ಇಳಿತ 8 ವೋಲ್ಟಿನಷ್ಟಿರಬೇಕು. ಹಳ್ಳಿಯ ಲೈನಿನಲ್ಲಿ ವೋಲ್ಟೇಜ್ ತಾನಾಗಿಯೇ ಕುಣಿಯುವುದರಿಂದ ಒಂದು ಓದಿಗೆ ನಂಬಬಾರದು. ಹಾಕಿ ತೆಗೆದು ನಾಲ್ಕೈದು ಸಲ ಓದಿ ಸರಾಸರಿ ಹಿಡಿಯಬೇಕು. ಮೀಟರ್ ಮೊನೆಗಳನ್ನು ಕರೆಂಟ್ ಇರುವ ಟರ್ಮಿನಲ್ಲಿಗೆ ಹಿಡಿಯುವ ಕೆಲಸವಾದ್ದರಿಂದ ಎಲೆಕ್ಟ್ರಿಷಿಯನ್ನಿಂದಲೇ ಮಾಡಿಸಬೇಕು.

ಇದೇ ಅಳತೆಯನ್ನು ಮನೆಯ ಡಿಬಿಯಲ್ಲೂ ಮಾಡಿದರೆ ಮೀಟರಿನ ಹಿಂದಿನ 1.5 ಓಮ್ ಬೇರೆಯಾಗಿ ಕಾಣುತ್ತದೆ. ಅದನ್ನು ಮನೆಯೊಳಗಿನ ಯಾವ ವೈರ್ ಬದಲಿಸಿದರೂ ಇಳಿಸಲಾಗದು. ಕೊಟ್ಟಿಗೆಗೆ ಮುಂದೆ 1 ಎಚ್‌ಪಿ ಹುಲ್ಲು ಕತ್ತರಿಸುವ ಯಂತ್ರ ತರುವ ಯೋಚನೆ ಇದ್ದರೆ ಆ 1.5 ಓಮ್ ಮತ್ತೆ ಕಾಡುತ್ತದೆ. ಅಂಥ ಮೋಟರ್ ಹೊರಡುವಾಗ 30 ಆಂಪಿಯರಿನಷ್ಟು ಎಳೆಯಲು ನೋಡುತ್ತದೆ. ಬಿ-16ರ ಕೆಳಮಿತಿ 48 ಆದ್ದರಿಂದ ಎಂಸಿಬಿ ಬೀಳುವುದಿಲ್ಲ, ಆದರೆ 2 ಓಮ್ ದಾಟಿ ಬರುವಾಗ ವೋಲ್ಟೇಜ್ 170-180ಕ್ಕೆ ಕುಸಿದು ಮೋಟರ್ ಏದುಸಿರು ಬಿಡುತ್ತದೆ. ಇದಕ್ಕೆ ಮೊದಲ ಹೆಜ್ಜೆ ಸರ್ವಿಸ್ ವೈರ್. 4 ಎಂಎಂ ಅಲ್ಯೂಮಿನಿಯಂ ಬದಲು 10 ಎಂಎಂ ಹಾಕಿಸಿದರೆ 0.44 ಓಮ್ 0.18ಕ್ಕೆ ಇಳಿಯುತ್ತದೆ. ಕಂಬದ ಮೇಲಿನ ಕೆಲಸವಾದ್ದರಿಂದ ಅದಕ್ಕೆ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿನಲ್ಲಿ ಅರ್ಜಿ ಕೊಡಬೇಕು. ಅರ್ಜಿಯ ಜೊತೆ ಡಿಬಿಯಲ್ಲಿ ಓದಿದ ವೋಲ್ಟ್, ಆಂಪಿಯರ್, ಅಳೆದ ಹೊತ್ತು ಮೂರನ್ನೂ ಬರೆದು ಕೊಟ್ಟರೆ ಲೈನ್‌ಮನ್ನಿಗೆ ನೋಡಲು ಸುಲಭ.